ಪಂಕಜಮ್ಮನ ಹೆಸರಿನ ಬರ್ಚ್

ಅಲಮೇಲು ಆ ಪತ್ರಿಕೆಯನ್ನು ಬಿಚ್ಚಿದ್ದು ಮುದ್ರೆ ಒತ್ತುವುದಕ್ಕೆ, ಓದುವುದಕ್ಕಲ್ಲ. ಹ್ಯಾಲೋವೆಲ್ ಸಸ್ಯೋದ್ಯಾನದ ಲೈಬ್ರರಿಗೆ ಬಂದ ಪ್ರತಿ ಸಂಚಿಕೆಯ ಮೊದಲ ಪುಟಕ್ಕೊಂದು, ಕೊನೆಯ ಪುಟಕ್ಕೊಂದು ನೀಲಿ ಮುದ್ರೆ ಒತ್ತಿ ಕಪಾಟಿನಲ್ಲಿಡುವುದು ಅವಳ ಸೋಮವಾರದ ಕೆಲಸ. ಅದು 1969ರ ಅಕ್ಟೋಬರ್. ಪುಟ ಮಗುಚುವಾಗ ಒಂದು ಚಿತ್ರ ಕಣ್ಣಿಗೆ ಬಿತ್ತು. ಬರ್ಚ್ ಮರದ ಒಂದು ರೆಂಬೆ, ಅಂಚಿಗೆ ಹಲ್ಲು ಹಲ್ಲಾದ ಎಲೆಗಳು, ಹಿಪ್ಪಲಿಯ ಹಾಗೆ ನೆಟ್ಟಗೆ ನಿಂತ ಕಾಯಿತೆನೆ. ಎಡಗಡೆಯ ಮೂರನೆಯ ಎಲೆಯಲ್ಲಿ ಹುಳು ತಿಂದ ತೂತು. ಚಿತ್ರಕಾರ ಆ ತೂತನ್ನೂ ಬಿಡದೆ ಬರೆದಿದ್ದ.

ಆ ತೂತು ಅವಳಿಗೆ ಗೊತ್ತಿತ್ತು. ಆ ರೆಂಬೆಯನ್ನು ಕತ್ತರಿಸಿದವಳು ಅವಳೇ.

ಚಿತ್ರದ ಕೆಳಗೆ ಹೀಗಿತ್ತು: ಬೆಟುಲಾ ಪಂಕಜೇ, ಹೊಸ ಪ್ರಭೇದ. ಸಂಗ್ರಹಿಸಿದವರು ಡಾ. ಸೂರ್ಯನಾರಾಯಣ, ಸಸೆಕ್ಸ್ ಕೌಂಟಿ, ನ್ಯೂಜೆರ್ಸಿ, 15 ಜೂನ್ 1968. ಕೊನೆಗೆ ಕೃತಜ್ಞತೆಯ ನಾಲ್ಕು ಸಾಲು. ಅದರಲ್ಲಿ ನಿರ್ದೇಶಕರಿದ್ದರು, ಚಿತ್ರಕಾರನಿದ್ದ, ಟೈಪ್ ಮಾಡಿಕೊಟ್ಟ ಹುಡುಗಿಯೂ ಇದ್ದಳು. ಅಲಮೇಲು ಇರಲಿಲ್ಲ. ಅವಳು ಆ ಸಾಲುಗಳನ್ನು ಇನ್ನೊಮ್ಮೆ ಓದಿದಳು. ಆಮೇಲೆ ಮೊದಲ ಪುಟಕ್ಕೆ ಮುದ್ರೆ ಒತ್ತಿದಳು, ಕೊನೆಯ ಪುಟಕ್ಕೂ ಒತ್ತಿದಳು, ಪತ್ರಿಕೆಯನ್ನು ಕಪಾಟಿನಲ್ಲಿಟ್ಟಳು.

ಮೈಸೂರಿನಲ್ಲಿ ಬಾಟನಿ ಎಂ.ಎಸ್‌ಸಿ. ಮುಗಿಸಿ, ಬದರೀನಾಥನನ್ನು ಮದುವೆಯಾಗಿ, 1967ರಲ್ಲಿ ಪಿಸ್ಕಾಟವೇಗೆ ಬಂದವಳು ಅಲಮೇಲು. ಬದರೀನಾಥ ಒಂದು ಟೆಲಿಫೋನ್ ಲ್ಯಾಬಿನಲ್ಲಿ ಎಂಜಿನಿಯರ್. ಊರಲ್ಲಿ ಆಗ ಕನ್ನಡದವರ ಮನೆಗಳು ಬೆರಳೆಣಿಕೆಯಷ್ಟು. ಅವರೆಲ್ಲರಿಗೂ ಹಿರಿಯರು ಬೆಂಗಳೂರಿನ ಸೂರ್ಯನಾರಾಯಣರು. ಅಮೆರಿಕಕ್ಕೆ ಬಂದು ಹದಿನಾರು ವರ್ಷವಾಗಿತ್ತು, ಹ್ಯಾಲೋವೆಲ್‌ನ ಒಣಸಸ್ಯ ಸಂಗ್ರಹಕ್ಕೆ ಅವರೇ ಮುಖ್ಯಸ್ಥರು. ಅಲಮೇಲುವಿಗೆ ಕೆಲಸ ಕೊಟ್ಟವರೂ ಅವರೇ. ಎಲೆಗಳನ್ನು ಒತ್ತಿ ಒಣಗಿಸುವುದು, ದಪ್ಪ ಬಿಳಿ ಹಾಳೆಗೆ ಅಂಟಿಸುವುದು, ಚೀಟಿ ಬರೆಯುವುದು. ಓದಿಗೆ ತಕ್ಕ ಕೆಲಸವಲ್ಲವಾದರೂ ಗಿಡಗಳ ನಡುವೆ ಇರುತ್ತೇನಲ್ಲ ಎಂದು ಅವಳು ಖುಷಿಯಾಗಿಯೇ ಮಾಡಿದಳು.

1968ರ ಜೂನ್‌ನಲ್ಲಿ ಸೂರ್ಯನಾರಾಯಣರು ಒಂದು ವಾರದ ಸಭೆಗೆಂದು ವಾಷಿಂಗ್ಟನ್‌ಗೆ ಹೊರಟಾಗ, ಸಸೆಕ್ಸ್ ಕೌಂಟಿಯ ಜೌಗಿನಲ್ಲಿರುವ ಕುರುಚಲು ಬರ್ಚ್ ಒಂದಷ್ಟು ಬೇಕು, ಯಾರಾದರೂ ಹೋಗಿ ತನ್ನಿ ಎಂದು ಹೇಳಿಹೋದರು. ಅಲಮೇಲುವಿಗೆ ಆಗ ಡ್ರೈವಿಂಗ್ ಬರುತ್ತಿರಲಿಲ್ಲ. "ನಾನು ಕರ್ಕೊಂಡು ಹೋಗ್ತೀನಿ ಬಾ. ಮನೇಲಿ ಕೂತು ನನಗೂ ಸಾಕಾಗಿದೆ" ಅಂದವರು ಸೂರ್ಯನಾರಾಯಣರ ಹೆಂಡತಿ ಪಂಕಜಮ್ಮ. ಶನಿವಾರ ಬೆಳಿಗ್ಗೆ ಪುಳಿಯೋಗರೆ ಕಟ್ಟಿಕೊಂಡು, ಅವರ ರ‍್ಯಾಂಬ್ಲರ್ ಗಾಡಿಯಲ್ಲಿ ರೂಟ್ 206 ಹಿಡಿದು ಇಬ್ಬರೂ ಉತ್ತರಕ್ಕೆ ಹೋದರು. ಪಂಕಜಮ್ಮ ದಾರಿಯುದ್ದಕ್ಕೂ ಹಾಡಿಕೊಳ್ಳುತ್ತಿದ್ದರು. ಅವರಿಗೆ ನಲವತ್ತಾರು, ಅಲಮೇಲುವಿಗೆ ಇಪ್ಪತ್ತೈದು. ಅಮೆರಿಕಕ್ಕೆ ಬಂದಮೇಲೆ ಅಷ್ಟು ಹಗುರಾದ ದಿನ ಅವಳಿಗೆ ಇನ್ನೊಂದು ಸಿಕ್ಕಿರಲಿಲ್ಲ.

ಜೌಗಿನಲ್ಲಿ ಕುರುಚಲು ಬರ್ಚ್ ಎದೆಯೆತ್ತರಕ್ಕೆ ಪೊದೆಪೊದೆಯಾಗಿತ್ತು. ನಾಲ್ಕಾಣೆಯಷ್ಟು ಅಗಲದ ಗುಂಡನೆ ಎಲೆ. ಅಂಚಿನ ದಿಬ್ಬದ ಮೇಲೆ ಹಳದಿ ಬರ್ಚ್‌ಗಳು, ಎತ್ತರದ ಮರಗಳು, ಹೊಂಬಣ್ಣದ ತೊಗಟೆ ಸುರುಳಿಯಾಗಿ ಸುಲಿಯುತ್ತಿತ್ತು. ಎರಡರ ನಡುವೆ, ನೀರು ತೆಳುವಾಗುವ ಕಡೆ, ಅವಳಿಗೆ ಮೂರನೆಯದೊಂದು ಸಿಕ್ಕಿತು. ಪೊದೆಗಿಂತ ಎತ್ತರ, ಮರಕ್ಕಿಂತ ಗಿಡ್ಡ. ಎಲೆ ಗುಂಡಗೂ ಇಲ್ಲ, ಉದ್ದಕ್ಕೂ ಇಲ್ಲ. ಅಂಥವು ನಲವತ್ತಿದ್ದವು. ಒಂದರ ಕಡ್ಡಿಯನ್ನು ಉಗುರಿನಿಂದ ಕೆರೆದು ಮೂಸಿದಳು. ಮಂಡಿನೋವಿಗೆ ಹಚ್ಚುವ ಮುಲಾಮಿನ ವಾಸನೆ, ತೆಳುವಾಗಿ. ಆ ವಾಸನೆ ಹಳದಿ ಬರ್ಚ್‌ನದು. ಕುರುಚಲು ಬರ್ಚ್‌ಗೆ ವಾಸನೆಯೇ ಇಲ್ಲ.

ಸೂರ್ಯನಾರಾಯಣರು ವಾಪಸು ಬಂದಾಗ ಹೇಳಿದಳು: "ಸರ್, ಇದು ಬೆರಕೆ ಅನ್ಸತ್ತೆ. ದಿಬ್ಬದ ಮರದ ಪರಾಗ ಗಾಳೀಲಿ ಬಂದು ಜೌಗಿನ ಪೊದೆಗೆ ಬಿದ್ದಿದೆ. ಮೂಸಿ ನೋಡಿ."

"ಮೂಸಿ ನೋಡೋಕೆ ಇದೇನು ಸಾರಾ ಅಲಮೇಲು?" ಎಂದು ನಕ್ಕು ಅವರು ಹಾಳೆಗಳನ್ನು ತಮ್ಮ ಕೋಣೆಗೆ ತೆಗೆದುಕೊಂಡು ಹೋಗಿದ್ದರು. ಆಮೇಲೆ ಆ ಮಾತು ಬರಲಿಲ್ಲ. ಈಗ ಪತ್ರಿಕೆಯಲ್ಲಿ ಬಂದಿತ್ತು.

ಮಧ್ಯಾಹ್ನ ಅವಳು ಅವರ ಕೋಣೆಗೆ ಹೋಗಿ ಬಾಗಿಲಲ್ಲೇ ನಿಂತು ಕೇಳಿದಳು. ಸೂರ್ಯನಾರಾಯಣರು ಕನ್ನಡಕ ತೆಗೆದಿಟ್ಟು ಸಮಾಧಾನವಾಗಿಯೇ ಮಾತಾಡಿದರು.

"ನೋಡಮ್ಮ, ಸಂಬಳಕ್ಕೆ ಎಲೆ ಕಿತ್ತವರ ಹೆಸರನ್ನೆಲ್ಲ ಹಾಕೋ ಪದ್ಧತಿ ಇಲ್ಲ. ಸಂಗ್ರಹದ ಮುಖ್ಯಸ್ಥ ನಾನು. ನನ್ನ ಹೆಸರಲ್ಲಿ ಬರತ್ತೆ."

"ನೀವು ಆ ದಿನ ಅಲ್ಲಿರಲಿಲ್ಲ ಸರ್."

"ಚೀಟಿಯಲ್ಲಿ ಇದ್ದೀನಲ್ಲ" ಅಂದರು.

ಅವಳು ಅಷ್ಟಕ್ಕೇ ಸುಮ್ಮನಾಗುತ್ತಿದ್ದಳೋ ಏನೋ. ಆದರೆ ಮುಂದಿನ ತಿಂಗಳು ದೀಪಾವಳಿ ಬಂತು. ಸೂರ್ಯನಾರಾಯಣರ ಮನೆಯಲ್ಲಿ ಎಲ್ಲರಿಗೂ ಊಟ. ಹಾಲ್‌ನ ಗೋಡೆಯ ಮೇಲೆ ಆ ರೆಂಬೆಯ ಚಿತ್ರ, ಹುಳು ತಿಂದ ತೂತಿನ ಸಮೇತ, ಫ್ರೇಮು ಹಾಕಿಸಿಕೊಂಡು ಕೂತಿತ್ತು. ಬಂದವರೆಲ್ಲ ನಿಂತು ನೋಡಿದರು. ಹೆಂಡತಿಯ ಹೆಸರನ್ನು ಮರಕ್ಕಿಟ್ಟಿದ್ದಾರೆ, ಎಂಥ ಮನುಷ್ಯ ಎಂದು ಹೆಂಗಸರು ಗಂಡಂದಿರ ಕಡೆ ಕಣ್ಣುಬಿಟ್ಟರು. ಯಾರೋ ಕೇಳಿದರು, "ಅಲಮೇಲು ಕೂಡ ನಿಮ್ಮ ಹತ್ರಾನೇ ಅಲ್ವಾ ಸರ್ ಕೆಲಸ ಮಾಡೋದು? ಅವಳ ಕೆಲಸ ಏನು?"

"ನನ್ನ ಎಲೆಗಳಿಗೆ ಇಸ್ತ್ರಿ ಹಾಕ್ತಾಳೆ" ಅಂದರು ಸೂರ್ಯನಾರಾಯಣರು.

ಎಲ್ಲರೂ ನಕ್ಕರು. ಪಂಕಜಮ್ಮ ಹೆಸರುಬೇಳೆ ಪಾಯಸದ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅಲಮೇಲು ಅವರ ಮುಖ ನೋಡಿದಳು. ಆ ಶನಿವಾರ ಗಾಡಿ ಓಡಿಸಿದವರು ಅವರು. ಮಂಡಿಯವರೆಗೆ ಕೆಸರಲ್ಲಿ ನಿಂತು ಇವಳು ಕತ್ತರಿಸಿ ಕೊಟ್ಟ ರೆಂಬೆಗಳನ್ನು ದಡದಲ್ಲಿ ಈಸಿಕೊಂಡವರು ಅವರು. ಪಂಕಜಮ್ಮನೂ ನಕ್ಕರು. ಗಟ್ಟಿಯಾಗೇನೂ ಅಲ್ಲ, ಆದರೆ ನಕ್ಕರು.

ಮನೆಗೆ ವಾಪಸಾಗುವಾಗ ಕಾರಿನಲ್ಲಿ ಬದರೀನಾಥ, "ತಮಾಷೆಗೆ ಅಂದ್ರು ಬಿಡು" ಅಂದ.

"ರೀ, ಅದು ಪ್ರಭೇದ ಅಲ್ಲ. ಬೆರಕೆ. ನಾನು ಅದನ್ನ ತೋರಿಸ್ತೀನಿ."

"ಯಾರಿಗೆ?"

"ಅವರನ್ನ ಕೂರಿಸ್ಕೊಂಡು, ನಾಲ್ಕು ಜನದ ಮುಂದೆ."

ಬದರೀನಾಥ, ಈ ಸಿಟ್ಟು ನಾಲ್ಕು ದಿನಕ್ಕೆ ಇಳಿಯುತ್ತದೆ ಅಂದುಕೊಂಡಿದ್ದ. ಅವಳು ಮರುದಿನವೇ ಕೆಲಸ ಬಿಟ್ಟಳು. ಚಳಿಗಾಲದಲ್ಲಿ ಡ್ರೈವಿಂಗ್ ಕಲಿತಳು. 1970ರ ಸೆಪ್ಟೆಂಬರ್‌ಗೆ ಪಿಸ್ಕಾಟವೇಯ ಯೂನಿವರ್ಸಿಟಿಯಲ್ಲಿ ಪಿಎಚ್.ಡಿ.ಗೆ ಸೇರಿದಳು.

ಅವಳ ಗೈಡ್ ಏಡಾ ಕ್ರೂಗರ್ ಅರವತ್ತು ದಾಟಿದ ಹೆಂಗಸು. ಗಿಡಗಳ ಕ್ರೋಮೊಸೋಮ್ ಎಣಿಸುವುದರಲ್ಲೇ ಕೂದಲು ಬೆಳ್ಳಗಾಗಿತ್ತು. ಬೆಳಿಗ್ಗೆಯಿಂದ ಸಂಜೆವರೆಗೆ ಬಾಯಲ್ಲಿ ಸಿಗರೇಟು. ಅಲಮೇಲು ಹೇಳಿದ್ದನ್ನೆಲ್ಲ ಕೇಳಿ ಆಕೆ ಕೇಳಿದ್ದು ಒಂದೇ ಪ್ರಶ್ನೆ: "ನಿನಗೆ ಗಿಡದ ಮೇಲೆ ಆಸಕ್ತಿಯೋ, ಆ ಮನುಷ್ಯನ ಮೇಲೆ ಸಿಟ್ಟೋ?"

"ಸಿಟ್ಟು" ಅಂದಳು ಅಲಮೇಲು.

"ಒಳ್ಳೇದು. ಮರದ ಕೆಲಸಕ್ಕೆ ಐದಾರು ವರ್ಷ ಬೇಕು. ಆಸಕ್ತಿ ಅಷ್ಟು ದಿನ ಬಾಳಲ್ಲ."

ಕೆಲಸ ಹೀಗಿತ್ತು. ಆ ನಲವತ್ತು ಗಿಡಗಳು ಬೆರಕೆಯೆಂದು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಅಂಥದೇ ಗಿಡವನ್ನು ತನ್ನ ಕೈಯಾರೆ ಹುಟ್ಟಿಸಬೇಕು. ಕುರುಚಲು ಬರ್ಚ್‌ನ ಹೆಣ್ಣುತೆನೆಗೆ ಹಳದಿ ಬರ್ಚ್‌ನ ಪರಾಗ ಹಾಕಿ, ಬೇರೆ ಯಾವ ಪರಾಗವೂ ತಾಗದಂತೆ ಕಾದು, ಬೀಜ ಕಟ್ಟಿಸಿ, ಮೊಳೆಯಿಸಿ, ಬೆಳೆಸಿ, ಜೌಗಿನ ಗಿಡದ ಪಕ್ಕದಲ್ಲಿ ನಿಲ್ಲಿಸಬೇಕು. ಕ್ರೋಮೊಸೋಮ್‌ಗಳ ಲೆಕ್ಕವೂ ಹೊಂದಬೇಕು. ಹಳದಿ ಬರ್ಚ್‌ಗೆ ಎಂಬತ್ತನಾಲ್ಕು, ಕುರುಚಲು ಬರ್ಚ್‌ಗೆ ಐವತ್ತಾರು. ಎರಡರಿಂದಲೂ ಅರ್ಧರ್ಧ ಬಂದರೆ ಬೆರಕೆಗೆ ಎಪ್ಪತ್ತು. ಸೂರ್ಯನಾರಾಯಣರು ಎಣಿಸುವ ಗೋಜಿಗೇ ಹೋಗಿರಲಿಲ್ಲ.

1971ರ ಏಪ್ರಿಲ್‌ನಲ್ಲಿ ಅವಳು ಹಳದಿ ಬರ್ಚ್‌ನ ರೆಂಬೆಗಳನ್ನು ಕಡಿದು ತಂದು ಅಪಾರ್ಟ್‌ಮೆಂಟಿನ ಬಚ್ಚಲಲ್ಲಿ ಬಕೀಟು ನೀರಿಗೆ ನಿಲ್ಲಿಸಿದಳು. ಬೆಚ್ಚಗಿನ ಮನೆಯಲ್ಲಿ ನಾಲ್ಕೇ ದಿನಕ್ಕೆ ಗಂಡುತೆನೆಗಳು ಉದ್ದವಾಗಿ ಜೋತುಬಿದ್ದವು. ಕೆಳಗೆ ಹಾಸಿದ ಕಾಗದದ ಮೇಲೆ ಕಡಲೆಹಿಟ್ಟಿನ ಹಾಗೆ ಪರಾಗ ಉದುರಿತು. ಅದನ್ನು ಜರಡಿ ಹಿಡಿದು ಸಣ್ಣ ಸೀಸೆಗಳಿಗೆ ತುಂಬಿ ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಹಿಂದೆ ಇಟ್ಟಳು. ಬದರೀನಾಥ ಎರಡು ವಾರ ಸೀನುತ್ತ ಆಫೀಸಿಗೆ ಹೋದ.

ಮೇ ತಿಂಗಳಲ್ಲಿ ಜೌಗಿಗೆ ಹೋಗಿ ಕುರುಚಲು ಬರ್ಚ್‌ನ ಗಂಡುತೆನೆಗಳನ್ನು ಒಂದೊಂದಾಗಿ ಚಿವುಟಿ ತೆಗೆದಳು. ಹೆಣ್ಣುತೆನೆಗಳಿಗೆ ಕವಚ ತೊಡಿಸಬೇಕಲ್ಲ, ಅದಕ್ಕೆ ಏಡಾ ಹೇಳಿಕೊಟ್ಟದ್ದು ಮಾಂಸದಂಗಡಿಯವರು ಸಾಸೇಜ್ ತುಂಬುವ ಪಾರದರ್ಶಕ ಕೊಳವೆ. ಅಲಮೇಲು ಜನ್ಮದಲ್ಲಿ ಮೊದಲ ಸಲ ಮಾಂಸದಂಗಡಿಯ ಮೆಟ್ಟಿಲು ಹತ್ತಿ, ಮೂಗಿಗೆ ಸೆರಗು ಹಿಡಿದು, ಐವತ್ತು ಅಡಿ ಕೊಳವೆ ಕೊಂಡು ತಂದಳು. ಅಂಗಡಿಯವನು, "ಮನೇಲಿ ದೊಡ್ಡ ಪಾರ್ಟಿಯಾ?" ಎಂದು ಕೇಳಿದ. ಹೌದು ಅಂದಳು.

ಸೂಜಿಯಿಂದ ಕೊಳವೆಯೊಳಗೆ ಪರಾಗ ಊದಿ, ತೂತಿಗೆ ಮೇಣ ಮೆತ್ತಿ, ಕೆಸರಿನಲ್ಲಿ ನಿಂತು ಅವಳು ಅರವತ್ತೆರಡು ತೆನೆಗಳ ಮದುವೆ ಮಾಡಿದಳು. ಕತ್ತಿನ ಸುತ್ತ ಸೊಳ್ಳೆ ಮುತ್ತುತ್ತಿದ್ದವು. ಇಸ್ತ್ರಿ ಹಾಕ್ತಾಳೆ, ಇಸ್ತ್ರಿ ಹಾಕ್ತಾಳೆ ಎಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದಳು. ಆ ಮಾತು ಸೊಂಟನೋವನ್ನೂ ಮರೆಸುತ್ತಿತ್ತು.

ಬೀಜ ಸಿಕ್ಕಿದ್ದು ಮುನ್ನೂರು. ಮೊಳೆತದ್ದು ಹತ್ತೊಂಬತ್ತು. ಉಳಿದದ್ದು ಹನ್ನೊಂದು. ಜೊತೆಗೆ ಜೌಗಿನ ಆ ನಲವತ್ತು ಗಿಡಗಳ ಬೀಜವನ್ನೂ ತಂದು ಹಾಕಿದ್ದಳು. ಪ್ರಭೇದವೆಂದಮೇಲೆ ಮಕ್ಕಳು ತಾಯಿಯನ್ನು ಹೋಲಬೇಕು. ಇವು ಹೋಲಲಿಲ್ಲ. ಹೆಚ್ಚಿನ ಬೀಜ ಜೊಳ್ಳು; ಹುಟ್ಟಿದ್ದರಲ್ಲಿ ಕೆಲವು ಪೊದೆಯ ಕಡೆ ವಾಲಿದವು, ಕೆಲವು ಮರದ ಕಡೆ, ಒಂದರಂತೆ ಒಂದಿಲ್ಲ. ಜೌಗಿನಲ್ಲಿ ಇನ್ನೂ ಒಂದು ಸಂಗತಿ ಕಂಡಳು. ನೋಡುವುದಕ್ಕೆ ಅಪ್ಪಟ ಕುರುಚಲು ಬರ್ಚ್. ಕಡ್ಡಿ ಕೆರೆದರೆ ಮುಲಾಮಿನ ವಾಸನೆ. ಬೆರಕೆ ಗಿಡಗಳು ಮತ್ತೆ ಪೊದೆಗಳೊಂದಿಗೇ ಕೂಡಿ, ದಿಬ್ಬದ ಮರದ ಗುಣ ಪೀಳಿಗೆಯಿಂದ ಪೀಳಿಗೆಗೆ ಜೌಗಿನೊಳಗೆ ಇಳಿದುಬಂದಿತ್ತು. ಎಷ್ಟು ಕಾಲದಿಂದಲೋ. ಅದನ್ನು ಮೊದಲು ಮೂಸಿದ ದಿನ ಅವಳು ನೀರಂಚಿನ ಕಲ್ಲಿನ ಮೇಲೆ ಸುಮ್ಮನೆ ಕೂತುಬಿಟ್ಟಳು. ಅರ್ಧ ಗಂಟೆ ಸೂರ್ಯನಾರಾಯಣರ ನೆನಪೇ ಬರಲಿಲ್ಲ. ಬಂದಾಗ ಮತ್ತೆ ಎದ್ದು ಕೆಲಸ ಮಾಡಿದಳು.

ಎಣಿಕೆ ಎಲ್ಲಕ್ಕಿಂತ ಕಷ್ಟದ್ದು. ಬೇರಿನ ತುದಿಯನ್ನು ಬಣ್ಣದಲ್ಲಿ ನೆನೆಸಿ, ಗಾಜಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿ ಚಪ್ಪಟೆ ಮಾಡಿದರೆ ಮೈಕ್ರೋಸ್ಕೋಪಿನಲ್ಲಿ ಚೆಲ್ಲಿದ ಸಾಸಿವೆಯ ಹಾಗೆ ಕಾಣುತ್ತಿತ್ತು. ಒಮ್ಮೆ ಅರವತ್ತೆಂಟು, ಒಮ್ಮೆ ಎಪ್ಪತ್ತೊಂದು. ಎರಡು ಚಳಿಗಾಲ ಎಣಿಸಿದಳು. ಕೊನೆಗೆ ಏಡಾ ಕ್ರೂಗರ್ ಬೇರೆಯಾಗಿ, ಅವಳ ಲೆಕ್ಕ ನೋಡದೆ ಎಣಿಸಿ, ಒಂದು ಚೀಟಿಯ ಮೇಲೆ ಬರೆದು ಅವಳ ಮುಂದೆ ಇಟ್ಟಳು. ಎಪ್ಪತ್ತು.

1975ರ ಬೇಸಿಗೆಗೆ ಅವಳ ಹನ್ನೊಂದು ಗಿಡಗಳು ಭುಜದೆತ್ತರ ಬೆಳೆದಿದ್ದವು. ಅಂಥ ಬೆರಕೆಗೆ ಎಪ್ಪತ್ತು ವರ್ಷದ ಹಿಂದೆಯೇ ಒಬ್ಬ ಜರ್ಮನ್ ಪಂಡಿತ ಹೆಸರಿಟ್ಟು ಹೋಗಿದ್ದಾನೆಂದು ಹಳೆಯ ಪುಸ್ತಕಗಳಿಂದ ತೆಗೆದಳು. ನಿಯಮದ ಪ್ರಕಾರ ಮೊದಲ ಹೆಸರೇ ಹೆಸರು. ಸೂರ್ಯನಾರಾಯಣರದು ಬೆರಕೆಯ ಹೆಸರಾಗಿಯೂ ಉಳಿಯುವಂತಿರಲಿಲ್ಲ. ಅದು ತಿಳಿದ ದಿನ ಅವಳು ಮನೆಗೆ ಬಂದು ಕೇಸರಿಭಾತು ಮಾಡಿದಳು. ಏನು ವಿಶೇಷ ಎಂದು ಬದರೀನಾಥ ಕೇಳಿದಾಗ ಹೇಳಲಿಲ್ಲ.

ಮರುವರ್ಷದ ಮಾರ್ಚ್‌ನಲ್ಲಿ ನ್ಯೂಯಾರ್ಕಿನಲ್ಲಿ ಸಸ್ಯಶಾಸ್ತ್ರಜ್ಞರ ಸಭೆ. ಕಾರ್ಯಕ್ರಮದ ಪಟ್ಟಿಯಲ್ಲಿ ಅಲಮೇಲುವಿನ ಭಾಷಣದ ಶೀರ್ಷಿಕೆ ಅಚ್ಚಾಗಿ ಎಲ್ಲರಿಗೂ ಹೋಯಿತು: ಬೆಟುಲಾ ಪಂಕಜೇ, ಒಂದು ಬೆರಕೆ. ಪಟ್ಟಿ ಬಂದ ನಾಲ್ಕನೆಯ ದಿನ ಪಂಕಜಮ್ಮ ಮನೆಗೆ ಬಂದರು. ಫೋನ್ ಮಾಡಿರಲಿಲ್ಲ. ಕೋಟನ್ನೂ ಬಿಚ್ಚದೆ ಸೋಫಾದ ಅಂಚಿನಲ್ಲಿ ಕೂತರು.

"ಅವರು ಎರಡು ದಿನದಿಂದ ಊಟ ಮಾಡಿಲ್ಲ" ಅಂದರು.

ಅಲಮೇಲು ಕಾಫಿ ತಂದಿಟ್ಟಳು.

"ನೀನು ಹೇಳೋದು ನಿಜಾನೇ ಇರಬಹುದು ಅಲಮೇಲು. ನಂಗೆ ಶಾಸ್ತ್ರ ಗೊತ್ತಿಲ್ಲ. ಆದ್ರೆ ಅವರೇ ಬರೆದು ವಾಪಸ್ ತಗೊಳ್ಲಿ. ಪತ್ರಿಕೇಲಿ ನಾಲ್ಕು ಸಾಲು. ನೀನು ಸಭೇಲಿ ಬೇರೆ ಏನಾದ್ರೂ ಮಾತಾಡು. ಅಷ್ಟು ಜನದ ಮುಂದೆ ಬೇಡ. ಅವರಿಗೆ ಐವತ್ತೇಳು."

"ಆಗಲಿ" ಅಂದಳು ಅಲಮೇಲು. "ನೀವೂ ನಾಲ್ಕು ಸಾಲು ಬರೀರಿ. ಜೂನ್ ಹದಿನೈದನೇ ತಾರೀಕು ಗಾಡಿ ಓಡಿಸಿದ್ದು ನಾನು, ರೆಂಬೆ ಕತ್ತರಿಸಿದ್ದು ಅಲಮೇಲು, ನನ್ನ ಯಜಮಾನರು ವಾಷಿಂಗ್ಟನ್ನಲ್ಲಿದ್ರು ಅಂತ. ಸಹಿ ಹಾಕಿ ಪತ್ರಿಕೆಗೆ ಕಳಿಸಿ. ನಾನು ಭಾಷಣ ಬಿಡ್ತೀನಿ."

ಪಂಕಜಮ್ಮ ಕಾಫಿಯ ಲೋಟವನ್ನು ದೂರ ಸರಿಸಿ, "ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವರು ನನಗೆ ಅಂತ ಕೊಟ್ಟಿದ್ದು ಅದೊಂದೇ" ಅಂದರು.

"ಕೊಡೋಕೆ ಅದು ಅವರದಾಗಿರಲಿಲ್ಲ."

"ಗೊತ್ತು."

"ಗೊತ್ತಿದ್ದೂ ನಕ್ಕಿರಿ."

ಪಂಕಜಮ್ಮನಿಗೆ ಯಾವ ನಗು ಎಂದು ಕೇಳಬೇಕಾಗಲಿಲ್ಲ. ಅವರ ಮುಖ ಕೆಂಪಗಾಯಿತು. ಕಾಫಿ ಮುಟ್ಟದೆ ಎದ್ದು, ಬಾಗಿಲ ಹತ್ತಿರ ಒಂದು ಕ್ಷಣ ನಿಂತು, "ಅವರಿಗೆ ಏನು ಮಾಡ್ತೀಯೋ ಮಾಡು. ಆದ್ರೆ ಹೆಸರು ನಂದು" ಅಂದು ಹೋದರು. ಅಲಮೇಲು ಲೋಟ ಎತ್ತಿ ಕಾಫಿಯನ್ನು ಸಿಂಕಿಗೆ ಚೆಲ್ಲಿದಳು. ಅವಳ ಮನಸ್ಸು ಕದಲಲಿಲ್ಲ.

ಸಭೆಯ ದಿನ ಸೂರ್ಯನಾರಾಯಣರು ಬಂದರು. ಬಾರದಿದ್ದರೆ ಸೋತಂತೆ ಎಂದುಕೊಂಡಿರಬೇಕು. ಬೂದು ಸೂಟು ಹಾಕಿಕೊಂಡು ಎರಡನೆಯ ಸಾಲಿನಲ್ಲಿ ಕೂತಿದ್ದರು. ಹಾಲ್‌ನಲ್ಲಿ ನೂರಿಪ್ಪತ್ತು ಜನ. ಅಲಮೇಲು ಹಸಿರು ರೇಷ್ಮೆ ಸೀರೆ ಉಟ್ಟು, ಹದಿನೈದು ನಿಮಿಷದಲ್ಲಿ ಎಲ್ಲವನ್ನೂ ಹೇಳಿದಳು: ಪರಾಗ, ಬೀಜ, ಎಪ್ಪತ್ತು, ಜೌಗಿಗಿಳಿದ ವಾಸನೆ, ಹಳೆಯ ಹೆಸರು. ದನಿ ಒಮ್ಮೆಯೂ ಏರಲಿಲ್ಲ.

ಪ್ರಶ್ನೆಗಳ ಹೊತ್ತಿಗೆ ಸೂರ್ಯನಾರಾಯಣರು ಎದ್ದು ನಿಂತರು. ಇಂಗ್ಲಿಷಿನಲ್ಲಿ, ನಯವಾಗಿ, ಈ ಯುವತಿಯ ಶ್ರಮ ಮೆಚ್ಚತಕ್ಕದ್ದು ಅಂದರು. ಆದರೆ ಕವಚ ಕಟ್ಟುವಾಗ ತಪ್ಪಾಗಿ ಬೇರೆ ಪರಾಗ ಸೇರಿರಬಹುದಲ್ಲ? ತಾನು ವರ್ಣಿಸಿದ ಪ್ರಭೇದದ ಎಲೆಗೆ ತನ್ನದೇ ಆದ ಲಕ್ಷಣವಿದೆ, ಅನುಭವವಿರುವ ಕಣ್ಣಿಗೆ ಅದು ಕೂಡಲೇ ಗೊತ್ತಾಗುತ್ತದೆ ಅಂದರು.

ಅಲಮೇಲು ಕಾಯುತ್ತಿದ್ದದ್ದು ಇದಕ್ಕೇ. ಅವರು ಇದನ್ನೇ ಹೇಳುತ್ತಾರೆಂದು ಅವಳಿಗೆ ಗೊತ್ತಿತ್ತು. ಎರಡೂವರೆ ವರ್ಷ ಅವರ ಪಕ್ಕದಲ್ಲಿ ಕೆಲಸ ಮಾಡಿದವಳು. ಇನ್ನೊಂದು ಸ್ಲೈಡ್ ಹಾಕಿಸಿದಳು. ಪರದೆಯ ಮೇಲೆ ಹತ್ತು ಎಲೆಗಳು, ಒಂದರಿಂದ ಹತ್ತರವರೆಗೆ ನಂಬರು.

"ಇದರಲ್ಲಿ ಐದು ಡಾಕ್ಟರ್ ಸೂರ್ಯನಾರಾಯಣರು ವರ್ಣಿಸಿದ ಮರದ ಎಲೆ. ಐದು ನನ್ನ ಕುಂಡದ ಗಿಡದ್ದು. ದಯವಿಟ್ಟು ತಮ್ಮ ಐದನ್ನು ತೋರಿಸಬೇಕು" ಅಂದಳು.

ಸೂರ್ಯನಾರಾಯಣರು ಕೂತುಬಿಡಬಹುದಿತ್ತು. ಆದರೆ ಅನುಭವದ ಕಣ್ಣು ಎಂದು ಆಗಷ್ಟೇ ಹೇಳಿದ್ದರು. ಪರದೆಯ ಹತ್ತಿರ ಹೋದರು. ಕನ್ನಡಕ ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು. ಪ್ರೊಜೆಕ್ಟರಿನ ಬೆಳಕು ಅವರ ಬೂದು ಕೋಟಿನ ಮೇಲೆ ಬಿದ್ದು, ಬೆನ್ನ ಮೇಲೆಲ್ಲ ಎಲೆಯ ನರಗಳು ಮೂಡಿದ್ದವು. ಎರಡು, ಮೂರು, ಆರು, ಏಳು, ಒಂಬತ್ತು ಎಂದು ಬೆರಳಿಟ್ಟು ತೋರಿಸಿದರು.

"ಎರಡು, ಆರು, ಏಳು, ಒಂಬತ್ತು, ಈ ನಾಲ್ಕು ನನ್ನ ಕುಂಡದವು. ಮೂರನೆಯದು ಮಾತ್ರ ತಮ್ಮದು" ಅಂದಳು ಅಲಮೇಲು.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗು ಒಂದೊಂದೇ ಸಾಲು ಮುಂದೆ ಬಂತು. ಅವಳು ನಗಲಿಲ್ಲ. ಅವರು ಪರದೆಯಿಂದ ಕುರ್ಚಿಯವರೆಗೆ ನಡೆದ ಒಂದೊಂದು ಹೆಜ್ಜೆಯನ್ನೂ ನೋಡಿದಳು. ಏಡಾ ಕ್ರೂಗರ್ ಹೊರಗೆ ಸಿಗರೇಟು ಹಚ್ಚುತ್ತ, "ಕೊನೇ ಸ್ಲೈಡ್ ಬೇಕಿರಲಿಲ್ಲ. ನೀನು ಆಗಲೇ ಗೆದ್ದಿದ್ದೆ" ಅಂದಳು. "ನನಗೆ ಬೇಕಿತ್ತು" ಅಂದಳು ಅಲಮೇಲು.

ಲೇಖನ ಆ ವರ್ಷದ ಕೊನೆಗೆ ಅಚ್ಚಾಯಿತು. ಇನ್ನೊಂದು ಕೆಲಸ ಉಳಿದಿತ್ತು. ಒಣಸಸ್ಯದ ಹಾಳೆಯ ಮೇಲಿನ ಹೆಸರು ತಪ್ಪಾಗಿದ್ದರೆ, ಹಳೆಯ ಚೀಟಿಯನ್ನು ಯಾರೂ ಕೀಳುವುದಿಲ್ಲ. ಸರಿ ಮಾಡಿದವರು ಅದರ ಪಕ್ಕದಲ್ಲೇ ಹೊಸ ಚೀಟಿ ಅಂಟಿಸಿ, ತಮ್ಮ ಹೆಸರು, ತಾರೀಕು ಬರೆಯುತ್ತಾರೆ. ಆ ಹಾಳೆ ಇರುವವರೆಗೆ ಎರಡೂ ಇರುತ್ತವೆ. ಚೀಟಿಗಳನ್ನು ಅಂಚೆಯಲ್ಲಿ ಕಳಿಸಿದ್ದರೂ ನಡೆಯುತ್ತಿತ್ತು. ಅವಳು 1977ರ ಫೆಬ್ರವರಿಯಲ್ಲಿ ತಾನೇ ಹ್ಯಾಲೋವೆಲ್‌ಗೆ ಹೋದಳು.

ಹಿಮ ಬಿದ್ದು ದಾರಿ ಜಾರುತ್ತಿತ್ತು. ಕಪಾಟುಗಳ ಕೋಣೆಯಲ್ಲಿ ಸೂರ್ಯನಾರಾಯಣರು ಒಬ್ಬರೇ ಇದ್ದರು; ಈಗ ವಾರಕ್ಕೆ ಎರಡು ದಿನ ಮಾತ್ರ ಬರುತ್ತಿದ್ದರಂತೆ. ತುಂಬ ಇಳಿದುಹೋಗಿದ್ದರು. ಹನ್ನೆರಡು ಹಾಳೆಗಳ ಕಟ್ಟನ್ನು ತಾವೇ ತಂದು ಮೇಜಿನ ಮೇಲಿಟ್ಟು ಎದುರಿಗೆ ಕೂತರು. ಅವಳು ಅಂಟಿನ ಸೀಸೆ ತೆರೆದಳು.

ಮೂರನೆಯ ಹಾಳೆಗೆ ಬರುವ ಹೊತ್ತಿಗೆ ಅವರು ಕನ್ನಡದಲ್ಲಿ ಮಾತಾಡಿದರು. "ನೀನು ಅವತ್ತೇ ಹೇಳಿದ್ದೆ, ಬೆರಕೆ ಅಂತ."

"ಹೇಳಿದ್ದೆ ಸರ್."

"ನೀನು ಮನೆಗೆ ಹೋದಮೇಲೆ ನಾನೂ ಕಡ್ಡಿ ಮುರಿದು ಮೂಸಿದೆ. ವಾಸನೆ ಇತ್ತು."

ಅಲಮೇಲು ತಲೆಯೆತ್ತಿ ನೋಡಿದಳು. ಏಳು ವರ್ಷ ಅವಳು ಅವರನ್ನು ಕಳ್ಳ ಅಂದುಕೊಂಡಿದ್ದಳು, ಅದರ ಮೇಲೆ ಮೂರ್ಖ ಅಂತಲೂ ಅಂದುಕೊಂಡಿದ್ದಳು. ಮೂರ್ಖರಲ್ಲ.

"ನಲವತ್ತೊಂಬತ್ತು ವರ್ಷ ಆಗಿತ್ತು ನನಗೆ. ಹತ್ತು ಸಾವಿರ ಹಾಳೆ ನೋಡಿದ್ದೆ. ಬೇರೆಯವರ ಗಿಡ, ಬೇರೆಯವರು ಇಟ್ಟ ಹೆಸರು. ನಾನು ಹೆಸರಿಟ್ಟ ಗಿಡ ಒಂದೂ ಇರಲಿಲ್ಲ. ಯಾರು ಪರೀಕ್ಷೆ ಮಾಡೋಕೆ ಹೋಗ್ತಾರೆ ಅನ್ಕೊಂಡೆ" ಅಂದರು. ಅವಳಿಂದ ಏನೋ ಒಂದು ಮಾತನ್ನು ಕಾಯುವವರ ಹಾಗೆ ಕೂತಿದ್ದರು.

ಆ ಮಾತು ಯಾವುದೆಂದು ಅಲಮೇಲುವಿಗೆ ಗೊತ್ತಿತ್ತು. ಹೇಳುವುದು ಕಷ್ಟವೂ ಇರಲಿಲ್ಲ. ಹೊರಗೆ ಹಿಮ ಬೀಳುತ್ತಿತ್ತು, ಎದುರಿಗೆ ಒಬ್ಬ ಮುದುಕ ಕೂತಿದ್ದ. ಅವಳು ಚೀಟಿಯ ಮೂಲೆಯನ್ನು ಬೆರಳಿನಿಂದ ಒತ್ತಿ ಸರಿಮಾಡಿದಳು.

"ಮುಂದಿನ ಹಾಳೆ ಕೊಡಿ ಸರ್" ಅಂದಳು.

ಅವರು ಕೊಟ್ಟರು. ಹನ್ನೆರಡನ್ನೂ ಕೊಟ್ಟರು.

ಆ ವರ್ಷದ ಯುಗಾದಿ ಊಟ ಒಂದು ಚರ್ಚಿನ ನೆಲಮಾಳಿಗೆಯ ಹಾಲ್‌ನಲ್ಲಿ ನಡೆಯಿತು. ಕನ್ನಡದವರು ಹೆಚ್ಚಾಗಿದ್ದರು, ಮನೆ ಸಾಲುತ್ತಿರಲಿಲ್ಲ. ಸೂರ್ಯನಾರಾಯಣರು ಬಂದಿರಲಿಲ್ಲ. ಅಲಮೇಲು ಬಂದಾಗ ಕೆಲವರು ಎದ್ದು ಬಂದು ಮಾತಾಡಿಸಿದರು, ಕೆಲವರು ಮಾತಾಡಿಸಲಿಲ್ಲ. ಹಿರಿಯರನ್ನು ಹೀಗೆ ಮಾಡಬಾರದಿತ್ತು ಎಂದು ಬೆನ್ನ ಹಿಂದೆ ಆಡಿದ್ದೂ ಕಿವಿಗೆ ಬಿತ್ತು. ಬದರೀನಾಥ ತಟ್ಟೆ ನೋಡುತ್ತ ಕೂತ.

ಪಂಕಜಮ್ಮ ಬಡಿಸುತ್ತಿದ್ದರು. ಒಬ್ಬಟ್ಟಿನ ತಟ್ಟೆ ಹಿಡಿದು ಸಾಲಿನುದ್ದಕ್ಕೂ ಬಂದವರು ಬದರೀನಾಥನಿಗೆ ಹಾಕಿ, ಅಲಮೇಲುವನ್ನು ದಾಟಿ, ಆಚೆಯವರ ಕಡೆ ಬಾಗಿದರು.

"ಪಂಕಜಮ್ಮ, ನನಗೆ ಹಾಕಲಿಲ್ಲ" ಅಂದಳು ಅಲಮೇಲು, ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ.

ಪಂಕಜಮ್ಮ ಅವಳ ಮುಖ ನೋಡಲಿಲ್ಲ. ಒಂದು ಹೆಜ್ಜೆ ಹಿಂದೆ ಬಂದು, ಒಬ್ಬಟ್ಟು ತೆಗೆದು ಅವಳ ತಟ್ಟೆಗೆ ಹಾಕಿದರು. ಹಬ್ಬದ ದಿನ ಬರಿದೇ ಬಡಿಸಬಾರದೆಂದೋ ಏನೋ, ಪಕ್ಕದವರ ಕೈಯಿಂದ ತುಪ್ಪದ ಗಿಂಡಿ ಈಸಿಕೊಂಡು ಅದರ ಮೇಲೆ ತುಪ್ಪವನ್ನೂ ಬಿಟ್ಟರು. ತುಪ್ಪ ಸ್ವಲ್ಪ ತಟ್ಟೆಯ ಹೊರಗೆ ಚೆಲ್ಲಿತು. "ಸಾಕಾ?" ಎಂದು ಕೇಳಿದರು.

"ಇನ್ನೊಂದು ಹಾಕಿ" ಅಂದಳು ಅಲಮೇಲು.

ಪಂಕಜಮ್ಮ ಇನ್ನೊಂದು ಹಾಕಿ ಮುಂದೆ ಹೋದರು. ಬದರೀನಾಥ ಹೆಂಡತಿಯನ್ನು ಯಾರೋ ಹೊಸಬರನ್ನು ನೋಡುವ ಹಾಗೆ ನೋಡಿದ. ಅಲಮೇಲು ಎರಡನ್ನೂ ಪೂರ್ತಿ ತಿಂದಳು, ನಿಧಾನವಾಗಿ, ಚೂರೂ ಬಿಡದೆ.